ಅವ್ವನ ಬಂಡಿಗೆ ಹೆವಿ ಲೈಸೆನ್ಸ್

ಅವ್ವ ಊರು ಬಿಟ್ಟು ಹೊರಗೆ ಹೋಗುವುದನ್ನು ನಿಲ್ಲಿಸಿ ಐದು ವರ್ಷವಾಗಿತ್ತು. ಕೇಳಿದವರಿಗೆಲ್ಲ ಮಂಡಿನೋವು ಅನ್ನುತ್ತಿದ್ದಳು. ನಿಜವಾದ ಕಾರಣ ಮನೆಯ ಹೆಂಗಸರಿಗೆ ಮಾತ್ರ ಗೊತ್ತಿತ್ತು. ದಾರಿಯಲ್ಲಿ ಸಿಗುವ ಶೌಚಾಲಯಗಳಲ್ಲಿ ಅವಳಿಗೆ ಕೂರಲಾಗದು, ಕೂತರೆ ಏಳಲಾಗದು. ಇಲ್ಲೇ ಹರಿಹರಕ್ಕೆ ಮದುವೆಗೆ ಹೋಗಬೇಕೆಂದರೂ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಟ್ಟುಬಿಡುತ್ತಿದ್ದಳು. ಪಂಢರಪುರ ನೋಡಬೇಕು ಅನ್ನುವುದು ಅಪ್ಪ ಇದ್ದಾಗಿನ ಆಸೆ. "ನೀವು ಹೋಗಿ ಬರ್ರಪ್ಪ, ನನ್ನ ಹೆಸರಲ್ಲಿ ಒಂದು ಕಾಯಿ ಒಡೆಸ್ರಿ" ಅನ್ನುವ ಅವಳ ಮಾತು ಕೇಳಿದಾಗಲೆಲ್ಲ ನಮಗೆ ಮೂವರು ಅಣ್ಣತಮ್ಮಂದಿರಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

ಹಾಗಾಗಿಯೇ ಕೊನೇ ತಮ್ಮ ಆ ಗಾಡಿ ಹುಡುಕಿದ್ದು. ಮಿನಿ ಬಸ್ಸಿನ ಚಾಸಿಯ ಮೇಲೆ ಕಟ್ಟಿದ ಕ್ಯಾರವಾನ್. ಒಳಗೆ ಎರಡು ಮಂಚ, ಬೆಲ್ಟ್ ಇರುವ ಆರು ಸೀಟು, ಒಂದು ಪುಟ್ಟ ಅಡುಗೆಕಟ್ಟೆ, 300 ಲೀಟರ್ ನೀರಿನ ಟ್ಯಾಂಕು. ಎಲ್ಲಕ್ಕಿಂತ ಮುಖ್ಯವಾಗಿ ಕಮೋಡ್ ಇರುವ, ಹಿಡಿದು ಏಳಲು ಸರಳು ಇರುವ ಒಂದು ಬಚ್ಚಲು. ಬೇರೆ ಊರಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಮೂವರೂ ದುಡ್ಡು ಹಾಕಿ ತರುವುದೆಂದಾಯಿತು. ಓಡಿಸುವವನು ನಾನು. 22 ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಒಂದು ಗೀರೂ ಬಿದ್ದಿಲ್ಲ ಅನ್ನುವ ಧೈರ್ಯ.

ಮಾರಿದವರು ಹೇಳಿದ್ದು ಹೀಗೆ: "ಸ್ವಂತ ಉಪಯೋಗದ ಗಾಡಿ ಸಾರ್, ಬಿಳಿ ಬೋರ್ಡು. ಕಾರಿನ ಲೈಸೆನ್ಸೇ ಸಾಕು. ಸುಪ್ರೀಂ ಕೋರ್ಟೇ ಹೇಳಿದೆಯಲ್ಲ." ನನಗೂ ಅದು ಹಿತವಾಗಿಯೇ ಕೇಳಿಸಿತು. ಆದರೆ ಅಡ್ವಾನ್ಸ್ ಕೊಡುವ ಮೊದಲು ಆರ್‌ಸಿ ತೆಗೆದು ನೋಡಿದೆ. ಖಾಲಿ ತೂಕವೇ 7,850 ಕೆಜಿ. ತುಂಬಿದ ಮೇಲೆ ಇರಬಹುದಾದ ಒಟ್ಟು ತೂಕ 10,200 ಕೆಜಿ.

ಆ ಎರಡು ಅಂಕಿಯಲ್ಲೇ ಉತ್ತರವಿತ್ತು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಲಘು ವಾಹನದ ಮಿತಿ 7,500 ಕೆಜಿ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಹೇಳಿದ್ದು ನಿಜ. ಆದರೆ ಏನು ಹೇಳಿತು? 7,500 ಕೆಜಿಯೊಳಗಿನ ಸಾರಿಗೆ ವಾಹನವನ್ನು ಓಡಿಸಲು ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್ ಇದ್ದವರಿಗೆ ಬೇರೆ ಅನುಮತಿ ಬೇಡ ಎಂದು. ಅದರ ಮೇಲಿನ ತೂಕಕ್ಕೆ ಆ ತೀರ್ಪಿನಲ್ಲಿ ಯಾವ ರಿಯಾಯಿತಿಯೂ ಇಲ್ಲ. ಅರ್ಧ ಕೇಳಿಸಿಕೊಂಡ ತೀರ್ಪನ್ನು ಹಿಡಿದುಕೊಂಡು ಇಂಥ ಗಾಡಿಗಳನ್ನು ಮಾರುತ್ತಿದ್ದಾರೆ, ಕೊಂಡವರು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೈವೇಗೆ ಇಳಿಯುತ್ತಿದ್ದಾರೆ. ನನಗೆ ಇದರ ಮೇಲೆ ಸಿಟ್ಟಿದೆ. ಸಿಕ್ಕಿಬಿದ್ದರೆ ಓಡಿಸಿದವನಿಗೆ 5,000 ರೂಪಾಯಿ ದಂಡ, ಗಾಡಿ ಕೊಟ್ಟ ಮಾಲೀಕನಿಗೆ ಇನ್ನೊಂದು 5,000. ದಂಡ ಹೋಗಲಿ. ಅಪಘಾತವಾದರೆ ಲೈಸೆನ್ಸ್ ಸರಿಯಿಲ್ಲ ಅಂತ ವಿಮೆಯವರು ಕೈ ಎತ್ತಿದ ಮೇಲೆ ಆ ಮನೆಯವರಿಗೂ ಈ ಮನೆಯವರಿಗೂ ಉಳಿಯುವುದೇನು?

ದಾವಣಗೆರೆ ಆರ್‌ಟಿಒ ಆಫೀಸಿಗೆ ಆರ್‌ಸಿ ಪ್ರತಿ ಹಿಡಿದುಕೊಂಡು ಹೋದೆ. ಇನ್‌ಸ್ಪೆಕ್ಟರ್ ಒಂದು ಸಲ ನೋಡಿ, "ಗಾಡಿ ನಿಮ್ಮ ಸ್ವಂತದ್ದೇ ಇರಬಹುದು, ತೂಕ ಲಘು ಮಿತಿ ದಾಟೈತಿ. ಹೆವಿ ಮಾಡಿಸ್ಕೊಳ್ರಿ, ಆಮೇಲೆ ಕೀಲಿ ಮುಟ್ರಿ" ಅಂದರು. ಎಲ್‌ಎಂವಿ ಲೈಸೆನ್ಸ್ ಸಿಕ್ಕು ಒಂದು ವರ್ಷವಾದರೂ ಆಗಿರಬೇಕು, ನನಗೆ ಆ ತೊಂದರೆ ಇರಲಿಲ್ಲ. ಮೊದಲು ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಅದಕ್ಕೆ ಫಾರ್ಮ್ 1ಎ ಅನ್ನುವ ವೈದ್ಯರ ಸರ್ಟಿಫಿಕೇಟು, ಜೊತೆಗೆ ಡ್ರೈವಿಂಗ್ ಸ್ಕೂಲಿನ ತರಬೇತಿ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, ಆದರೆ ಮೂವತ್ತು ದಿನ ತುಂಬುವ ಮೊದಲು ಟೆಸ್ಟ್ ಕೊಡುವಂತಿಲ್ಲ.

ಡಾಕ್ಟರ ಹತ್ತಿರ ಸಹಿ ಹಾಕಿಸಿಕೊಂಡು ಬರೋಣ ಅಂತ ಹೋದವನು ಅಲ್ಲೇ ತಡವರಿಸಿದೆ. ಆ ಫಾರ್ಮಿನಲ್ಲಿ ಒಂದು ಪ್ರಶ್ನೆಯಿದೆ: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಬರುತ್ತದೆಯೇ? ಡಾಕ್ಟರು ಕಿಟಕಿಯಿಂದಾಚೆ ನಿಂತಿದ್ದ ಕಾರು ತೋರಿಸಿದರು. ಕೆಎ 17 ಅನ್ನುವುದು ಗೊತ್ತಾಯಿತು, ಮುಂದಿನ ಅಂಕಿಗಳಲ್ಲಿ 3 ಯಾವುದು 8 ಯಾವುದು ತಿಳಿಯಲಿಲ್ಲ. ನನ್ನ ಕನ್ನಡಕ ನಾಲ್ಕು ವರ್ಷ ಹಳೆಯದು. ಸಹಿ ಹಾಕಲಿಲ್ಲ ಅವರು. ಹೊಸ ಕನ್ನಡಕ ಮಾಡಿಸಿಕೊಂಡು ಹೋಗಿ, ಕೆಂಪು ಹಸಿರು ಗುರುತಿಸಿ ತೋರಿಸಿದ ಮೇಲೆಯೇ ಸರ್ಟಿಫಿಕೇಟು ಸಿಕ್ಕಿದ್ದು. ನಾಲ್ಕು ವರ್ಷ ಆ ಕಣ್ಣಲ್ಲಿ ರಾತ್ರಿಯ ಪಿ.ಬಿ. ರೋಡಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಾಡಿದ್ದೆ. ಆ ಡಾಕ್ಟರನ್ನು ಈಗಲೂ ನೆನೆಯುತ್ತೇನೆ.

ಹೆವಿ ತರಬೇತಿಗೆ ಕನಿಷ್ಠ ಮೂವತ್ತು ದಿನ, ಅದರಲ್ಲಿ ಹದಿನೈದು ಗಂಟೆ ನಿಜವಾಗಿ ಓಡಿಸಬೇಕು ಅನ್ನುವುದು ನಿಯಮ. ಸ್ಕೂಲಿನಲ್ಲಿ ಕಲಿಸುವವರಿಗೆ ಅರವತ್ತರ ಮೇಲೆ ವಯಸ್ಸು. ಲಾರಿ, ಬಸ್ಸು ಎರಡೂ ಓಡಿಸಿದವರು. ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊದಲ ಎರಡು ದಿನ ಅವರು ಸ್ಟೇರಿಂಗ್ ಮುಟ್ಟಲು ಬಿಡಲಿಲ್ಲ. ಗಾಡಿ ಸುತ್ತ ನಡೆಸಿದರು. ಟೈರು ಮುಟ್ಟಿ ನೋಡು, ನಟ್ಟು ನೋಡು, ಹಿಂದಿನ ದೀಪ ಒರೆಸು. ಚಾಸಿಯ ಕೆಳಗೆ ಬಗ್ಗಿ ಗಾಳಿ ಟ್ಯಾಂಕಿನ ಉಂಗುರ ಎಳೆಯಲು ಹೇಳಿದರು. ಉಸ್ಸೆಂದು ಗಾಳಿಯ ಜೊತೆ ಎಣ್ಣೆ ಬೆರೆತ ನೀರು ಚಿಮ್ಮಿತು. "ನೋಡ್ರಿ, ಇದು ಒಳಗೇ ನಿಂತ್ರೆ ಬ್ರೇಕಿಗೆ ಹೋಗೋ ಗಾಳಿ ಜಾಗ ಇದು ತಿನ್ನುತ್ತೆ. ಕಾರಲ್ಲಿ ನಿಮ್ಮ ಕಾಲಿನ ಹಿಂದೆ ಎಣ್ಣೆ ಇರುತ್ತೆ, ಇಲ್ಲಿ ಇರೋದು ಬರೀ ಗಾಳಿ" ಅಂದರು. ಮೀಟರಿನ ಮುಳ್ಳು ಮೇಲೇರುವವರೆಗೂ, ಬಜರ್ ನಿಲ್ಲುವವರೆಗೂ ಗಾಡಿ ಕದಲಿಸಬಾರದು ಅನ್ನುವುದನ್ನು ಬಾಯಿಪಾಠ ಮಾಡಿಸಿದರು.

ಮೂರನೇ ದಿನ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಂಥ ಗಾಡಿ ಕೊಳ್ಳುವವರಿಗೆ ಇದನ್ನು ಯಾರೂ ತೋರಿಸುವುದಿಲ್ಲ.

ಖಾಲಿ ಮೈದಾನದಲ್ಲಿ ಸ್ಕೂಲಿನ ಹಳೇ ಬಸ್ಸು ನಿಂತಿತ್ತು. ಉಸ್ತಾದ್ ಒಂದು ಲೀಟರಿನ ನೀರಿನ ಬಾಟಲಿ ತಂದು ಬಸ್ಸಿನ ಹಿಂಬದಿಯ ಎಡ ಮೂಲೆಯ ಪಕ್ಕ ನಿಲ್ಲಿಸಿದರು. ಬಸ್ಸಿಗೂ ಬಾಟಲಿಗೂ ನಡುವೆ ಒಂದು ಅಡಿ ಜಾಗ. ನನ್ನನ್ನು ಕೂರಿಸಿ, ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ನಿಧಾನ ಮುಂದೆ ಹೋಗಲು ಹೇಳಿದರು. ನಾನು ಬಲಕ್ಕೆ ಹೋಗುತ್ತಿದ್ದೇನೆ, ಬಾಟಲಿ ಇರುವುದು ಎಡಕ್ಕೆ, ಹಿಂದೆ. ನನ್ನ ಲೆಕ್ಕದಲ್ಲಿ ಅದರಿಂದ ದೂರ ಸರಿಯುತ್ತಿದ್ದೆ. ಎಡಗನ್ನಡಿಯಲ್ಲಿ ನೋಡುತ್ತಿದ್ದಂತೆ ಬಸ್ಸಿನ ಹಿಂಭಾಗ ಎಡಕ್ಕೆ ಬೀಸಿ ಬಾಟಲಿಯನ್ನು ಉರುಳಿಸಿತು. ಇಳಿದು ನೋಡಿದೆ. ಮುಚ್ಚಳ ಕಿತ್ತು ನೀರು ಮಣ್ಣಿಗೆ ಹರಿಯುತ್ತಿತ್ತು.

"ಬಸ್ ಸ್ಟ್ಯಾಂಡಲ್ಲಿ ಅಲ್ಲಿ ಒಬ್ಬ ಹುಡುಗ ಬೆನ್ನು ತಿರುಗಿಸಿ ನಿಂತಿರ್ತಾನೆ ಸಾರ್" ಅಂದರು ಉಸ್ತಾದ್. ಹಿಂದಿನ ಗಾಲಿಯಿಂದ ಆಚೆಗೆ ಬಾಡಿ ಎಷ್ಟು ಉದ್ದ ಚಾಚಿದೆಯೋ ಅಷ್ಟೂ ಬಾಲ. ಕಾರಿಗೆ ಆ ಬಾಲ ಇಲ್ಲದಷ್ಟು ಕಡಿಮೆ, ಆದ್ದರಿಂದ ಕಾರಿನವನ ಕಣ್ಣು ಯಾವಾಗಲೂ ತಿರುಗುವ ಕಡೆಗೇ ಇರುತ್ತದೆ. ದೊಡ್ಡ ಗಾಡಿಯಲ್ಲಿ ತಿರುಗುವ ಕಡೆ ಹಿಂದಿನ ಗಾಲಿ ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ, ತಿರುಗದ ಕಡೆ ಬಾಲ ಬೀಸುತ್ತದೆ. ಎರಡೂ ಕಡೆ ಜೀವ ಇರಬಹುದು. ಆ ದಿನ ಬಾಟಲಿಯನ್ನು ಹನ್ನೊಂದು ಸಲ ನಿಲ್ಲಿಸಿದೆವು. ಎಂಟನೇ ಸಲದಿಂದ ಅದು ಬೀಳಲಿಲ್ಲ: ಮೊದಲು ಗಾಡಿಯ ಅರ್ಧದಷ್ಟು ನೇರ ಮುಂದೆ ತೆಗೆದುಕೊಂಡು, ಆಮೇಲೆ ಸ್ವಲ್ಪ ಸ್ವಲ್ಪವೇ ತಿರುಗಿಸುವುದು ಕೈಗೆ ಹತ್ತಿತ್ತು.

ಮರುದಿನ ಸ್ಕೂಲಿನ ನಾಲ್ಕು ಹುಡುಗರನ್ನು ಬಸ್ಸಿನ ಎಡಮುಂಭಾಗಕ್ಕೆ ಒತ್ತಿ ನಿಲ್ಲಿಸಿ ನನ್ನನ್ನು ಸೀಟಿಗೆ ಹತ್ತಿಸಿದರು. ನಾಲ್ವರಲ್ಲಿ ಒಬ್ಬನೂ ಕಾಣಲಿಲ್ಲ. ಈಗ ನಾನು ಬೈಕಿನಲ್ಲಿ ಹೋಗುವಾಗಲೂ ಲಾರಿಯ ಎಡಕ್ಕೆ ತೂರುವುದಿಲ್ಲ, ಮಗನಿಗೂ ಹೇಳಿದ್ದೇನೆ.

ಎರಡನೇ ವಾರ ನಮ್ಮದೇ ಗಾಡಿಗೆ ಹಿಂದೆ ಮುಂದೆ ಕೆಂಪು ಎಲ್ ಅಂಟಿಸಿ, ಉಸ್ತಾದರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಮೊದಲು ಎಪಿಎಂಸಿಗೆ ಕರೆದುಕೊಂಡು ಹೋದರು. ಮೆಕ್ಕೆಜೋಳದ ಲಾರಿಗಳ ಸಾಲಿನಲ್ಲಿ ನಿಂತು ವೇಬ್ರಿಡ್ಜ್ ಹತ್ತಿಸಿದೆವು. ನೀರು ತುಂಬಿಸಿ, ಸಿಲಿಂಡರ್, ಹಾಸಿಗೆ, ಪಾತ್ರೆಪಗಡಿ ಎಲ್ಲಾ ಇಟ್ಟಾಗ 8,940 ಕೆಜಿ. ಇನ್ನು ಆರು ಜನ. ಮಿತಿಯೊಳಗೇ ಇದ್ದೆವು. ಆದರೆ ನೀರೊಂದೇ ಮೂರು ಕ್ವಿಂಟಾಲ್ ಅನ್ನುವುದು ಆ ಚೀಟಿ ಕೈಗೆ ಬರುವವರೆಗೂ ನನ್ನ ತಲೆಗೆ ಹೋಗಿರಲಿಲ್ಲ. ಟ್ಯಾಂಕು ಅರ್ಧ ಖಾಲಿಯಾದಾಗ ಬ್ರೇಕ್ ಹಾಕಿದರೆ ಆ ನೀರು ಮುಂದಕ್ಕೆ ನುಗ್ಗಿ ಗಾಡಿಯನ್ನು ಇನ್ನೊಮ್ಮೆ ತಳ್ಳುತ್ತದೆ, ಅದನ್ನು ಬೆನ್ನಿನಲ್ಲೇ ತಿಳಿಯಬೇಕು. ತಮ್ಮನಿಗೆ ಛಾವಣಿ ಮೇಲೆ ಕ್ಯಾರಿಯರ್, ಇನ್ನೂ ದೊಡ್ಡ ಟ್ಯಾಂಕು ಹಾಕಿಸುವ ಆಸೆಯಿತ್ತು. ಗಾಡಿಯ ಮೂಲ ರಚನೆ ಬದಲಿಸಲು ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ, ಅಲ್ಲಿಗೆ ಆ ಮಾತು ನಿಂತಿತು. ಬದಲಿಗೆ ಛಾವಣಿಯ ಎಸಿ ಸೇರಿಸಿ ಎತ್ತರ ಅಳೆದು, ದಪ್ಪ ಅಕ್ಷರದಲ್ಲಿ ಬರೆದು ಸ್ಟೇರಿಂಗ್ ಮುಂದೆ ಅಂಟಿಸಿದೆವು. ನಮ್ಮೂರಲ್ಲಿ ರೈಲ್ವೆ ಅಂಡರ್‌ಪಾಸುಗಳನ್ನು ದಾಟದೆ ಯಾವ ಕೆಲಸವೂ ಆಗುವುದಿಲ್ಲವಲ್ಲ.

ಹೈವೇ ಪಾಠ ಶುರುವಾಗುವಾಗ ಆಷಾಢ. 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೋಗುವವರಿಗೆ ಆ ತಿಂಗಳ ಗಾಳಿ ಗೊತ್ತು. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಕಾರಿನಲ್ಲಿ ಅದೊಂದು ಸದ್ದು ಅಷ್ಟೇ. ಗೋಡೆಯಂಥ ಮೈಯ ಗಾಡಿಗೆ ಅದು ಬಲಗಡೆಯಿಂದ ಬಂದು ಹೆಗಲು ಕೊಟ್ಟು ನೂಕುತ್ತದೆ. ಭರಮಸಾಗರ ದಾಟಿದ ಮೇಲೆ ನಾನು ಗೊತ್ತಿಲ್ಲದೆಯೇ ಸ್ಟೇರಿಂಗನ್ನು ಸ್ವಲ್ಪ ಬಲಕ್ಕೆ ಎಳೆದು ಹಿಡಿದುಕೊಂಡೇ ಹೋಗುತ್ತಿದ್ದೆ. ಅಷ್ಟರಲ್ಲಿ ಬಲಗಡೆಯಿಂದ ಒಂದು ಸ್ಲೀಪರ್ ಬಸ್ಸು ನಮ್ಮನ್ನು ದಾಟಲು ಬಂತು. ಅದು ಪಕ್ಕಕ್ಕೆ ಬಂದ ಕ್ಷಣ ಗಾಳಿ ಮರೆಯಾಯಿತು. ನೂಕುವವನು ಇಲ್ಲ, ನನ್ನ ಕೈ ಮಾತ್ರ ಬಲಕ್ಕೆ ಎಳೆಯುತ್ತಲೇ ಇದೆ. ಗಾಡಿ ಬಸ್ಸಿನ ಕಡೆಗೇ ವಾಲಿತು. ಉಸ್ತಾದ್ ಕೂಗಲಿಲ್ಲ. ಎಡಗೈಯಿಂದ ನನ್ನ ತೋಳು ಒತ್ತಿ ಹಿಡಿದು, "ಹಗೂರ, ಹಗೂರ, ಕಾಲು ತೆಗೀರಿ" ಅಂದರು. ಬಸ್ಸು ಮುಂದೆ ಹೋದ ಕೂಡಲೇ ಗಾಳಿ ಮತ್ತೆ ಬಂದು ಎಡಕ್ಕೆ ಬಡಿಯಿತು. ಎರಡೂ ಮೂರು ಸೆಕೆಂಡಿನೊಳಗೆ ಆಗಿಹೋಯಿತು, ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅಂದಿನಿಂದ ಗಾಳಿಯ ದಿನ ನನ್ನ ವೇಗ ಅರವತ್ತು ದಾಟುವುದಿಲ್ಲ. ಕನ್ನಡಿಯಲ್ಲಿ ಎತ್ತರದ ಗಾಡಿ ಕಂಡರೆ, ಅದು ಪಕ್ಕಕ್ಕೆ ಬರುವ ಮೊದಲೇ ಕೈ ಸಡಿಲಿಸಿ ಕಾದಿರುತ್ತೇನೆ.

ಅರವತ್ತರಲ್ಲಿ ಹೋದರೂ ಒಂದು ಸೆಕೆಂಡಿಗೆ ಹದಿನೇಳು ಮೀಟರು ಕಳೆಯುತ್ತದೆ. ಕಣ್ಣು ಕಂಡು ಕಾಲು ಒತ್ತುವುದಕ್ಕೆ ಒಂದು ಸೆಕೆಂಡು, ಗಾಳಿ ಪೈಪಿನಲ್ಲಿ ಓಡಿ ಗಾಲಿ ಹಿಡಿಯುವುದಕ್ಕೆ ಇನ್ನಷ್ಟು. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನೂರಾ ಒಂದು, ನೂರಾ ಎರಡು ಅಂತ ನೂರಾ ಐದರವರೆಗೆ ಎಣಿಸಿ ನಾನು ಆ ಕಂಬ ಮುಟ್ಟಬೇಕು ಅನ್ನುವುದು ಉಸ್ತಾದರ ಲೆಕ್ಕ. ಆ ಜಾಗಕ್ಕೆ ಕಾರುಗಳು ನುಗ್ಗುತ್ತವೆ. ನುಗ್ಗಲಿ, ಮತ್ತೆ ಹಿಂದೆ ಸರಿದು ಎಣಿಸು ಅನ್ನುತ್ತಿದ್ದರು. ಸರ್ವಿಸ್ ರೋಡಿನಲ್ಲಿ ಇದಕ್ಕೂ ಹೆಚ್ಚು ಎಚ್ಚರ ಬೇಕು. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಹರಡಿರುತ್ತಾರೆ, ಅಂಚಿಗೆ ಕಲ್ಲಿಟ್ಟಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಒತ್ತಿದರೆ ಗಾಲಿ ಗೋಲಿಯ ಮೇಲೆ ಜಾರಿದಂತೆ ಜಾರುತ್ತದೆ. ಕತ್ತಲಾದ ಮೇಲೆ ಎದುರಿನಿಂದಲೇ ದೀಪವಿಲ್ಲದ ಟ್ರ್ಯಾಕ್ಟರ್ ಬರುತ್ತದೆ. ರೈತರ ಕಷ್ಟ ನನಗೆ ಗೊತ್ತಿದೆ, ಕಣ ಮಾಡಿಕೊಳ್ಳಲು ಜಾಗವಿಲ್ಲ. ಆದರೂ ಆ ಕಲ್ಲುಗಳನ್ನು ನೋಡಿದಾಗ ಎದೆ ಝಲ್ಲೆನ್ನುತ್ತದೆ.

ಮೊದಲ ಟೆಸ್ಟಿನಲ್ಲಿ ನಾನು ಫೇಲಾದೆ. ರಿವರ್ಸ್ ತೆಗೆಯುವಾಗ ಬಲಗನ್ನಡಿಯನ್ನೇ ನಂಬಿಕೊಂಡು ಹೋಗಿ ಎಡಗಡೆಯ ಕಂಬ ತಾಗಿಸಿದೆ. ಇಪ್ಪತ್ತೆರಡು ವರ್ಷ ಕಾರಿನಲ್ಲಿ ಕುತ್ತಿಗೆ ತಿರುಗಿಸಿ ಹಿಂದಿನ ಗಾಜಿನಲ್ಲಿ ನೋಡಿದವನಿಗೆ ಎರಡು ಕನ್ನಡಿಯಲ್ಲಿ ಸಮಸಮ ನೋಡುವುದು ಒಂದು ತಿಂಗಳಿಗೆ ಬರಲಿಲ್ಲ. ಏಳು ದಿನ ಬಿಟ್ಟು ಮತ್ತೆ ಬರಲು ಹೇಳಿದರು. ಆ ಏಳೂ ದಿನ ಬೆಳಿಗ್ಗೆ ಮೈದಾನದಲ್ಲಿ ರಿವರ್ಸ್ ಒಂದನ್ನೇ ಮಾಡಿದೆ. ಎರಡನೇ ಸಲ ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತು ಕೇಳಿದ ಪ್ರಶ್ನೆ ಒಂದೇ: "ಹೈವೇಲಿ ಗಾಡಿ ಕೆಟ್ಟು ನಿಲ್ತು. ಏನ್ ಮಾಡ್ತೀರಿ?"

ಅದಕ್ಕೆ ಉತ್ತರ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಮ್ಮ ಸೋದರತ್ತೆಯ ಮಗ ತೀರಿಕೊಂಡಿದ್ದು ಹಾಗೆಯೇ. ರಾತ್ರಿ ಹನ್ನೊಂದರ ಹೊತ್ತಿಗೆ ಹೈವೇ ಅಂಚಿನಲ್ಲಿ ಅರ್ಧ ಲೇನಿಗೆ ಚಾಚಿ ಒಂದು ಲಾರಿ ನಿಂತಿತ್ತು. ಹಿಂದೆ ದೀಪವಿರಲಿಲ್ಲ, ರಿಫ್ಲೆಕ್ಟರ್ ಮೇಲೆ ಮಣ್ಣು ಮೆತ್ತಿತ್ತು. ಇವನ ಕಾರು ಬಾನೆಟ್ಟಿನಿಂದ ಸೀಟಿನವರೆಗೆ ಅದರ ಕೆಳಗೆ ಹೋಗಿತ್ತು. ಅವನಿಗೆ 31 ವರ್ಷ. ಗಾಡಿಯನ್ನು ಆದಷ್ಟೂ ಎಡಕ್ಕೆ, ಡಾಂಬರಿನಿಂದ ಕೆಳಕ್ಕೆ ಇಳಿಸುತ್ತೇನೆ, ನಾಲ್ಕೂ ಇಂಡಿಕೇಟರ್ ಹಾಕುತ್ತೇನೆ, ಒಳಗಿರುವವರನ್ನೆಲ್ಲ ಎಡಬದಿಯಿಂದ ಇಳಿಸಿ ತಡೆಗಂಬಿಯಾಚೆ ಕಳಿಸುತ್ತೇನೆ, ಕೆಂಪು ತ್ರಿಕೋನ ಹಿಡಿದು ಹಿಂದಕ್ಕೆ ನಡೆದು ದೂರದಲ್ಲಿ ಇಡುತ್ತೇನೆ ಅಂದೆ. ಹೇಳುವಾಗ ಗಂಟಲು ಕಟ್ಟಿತು. ಅವರು ಮತ್ತೇನೂ ಕೇಳಲಿಲ್ಲ.

ಲೈಸೆನ್ಸ್ ಬಂದಾಗ ಅದರಲ್ಲಿ ಐದು ವರ್ಷದ ಗಡುವು ಇತ್ತು. ಅಷ್ಟರಲ್ಲಿ ಮತ್ತೆ ಡಾಕ್ಟರ ಮುಂದೆ ನಿಂತು ನಂಬರ್ ಪ್ಲೇಟ್ ಓದಬೇಕು. ಒಳ್ಳೆಯದೇ ಆಯಿತು.

ಪಂಢರಪುರಕ್ಕೆ ಮೊದಲು ಹತ್ತಿರದಲ್ಲಿ ಒಂದು ಸಲ ಹೋಗಿ ಬರೋಣ ಅಂತ ನಾಯಕನಹಟ್ಟಿಗೆ ಹೊರಟೆವು. ಅವ್ವ ಹತ್ತಿದ ಕೂಡಲೇ ಮಂಚದ ಮೇಲೆ ಕಾಲು ಚಾಚಿದಳು. ಗಾಡಿ ಓಡುವಾಗ ಮಲಗುವ ಹಾಗಿಲ್ಲ ಅವ್ವ, ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳಬೇಕು ಅಂದೆ. "ಮಲಗಾಕಂತ ಮಂಚ ಮಾಡ್ಸಿ, ಮಲಗಬ್ಯಾಡ ಅಂತೀಯಲ್ಲೋ" ಅಂತ ಮುಖ ಸಣ್ಣದು ಮಾಡಿದಳು. ನನ್ನ ಹೆಂಡತಿ ಸಿಲಿಂಡರಿನ ವಾಲ್ವ್ ತಿರುಗಿಸಿ ಮುಚ್ಚಿ, ಅವ್ವನ ಬೆನ್ನಿಗೆ ದಿಂಬು ಕೊಟ್ಟು, ತಾನೇ ಬೆಲ್ಟ್ ಹಾಕಿದಳು. ಎಲ್ಲರ ಬೆಲ್ಟ್ ಬೀಳುವವರೆಗೂ ನಾನು ಹ್ಯಾಂಡ್‌ಬ್ರೇಕ್ ಬಿಡಲಿಲ್ಲ.

ದರ್ಶನ ಚೆನ್ನಾಗಿ ಆಯಿತು. ವಾಪಸ್ ಬರುವಾಗ ದುರ್ಗ ದಾಟಿದ ಮೇಲೆ ಹೊತ್ತು ಮುಳುಗುತ್ತಿತ್ತು. ಹಿಂದಿನಿಂದ ತಮ್ಮನ ಮಗ, "ದೊಡ್ಡಪ್ಪ, ಇಲ್ಲೇ ನಿಲ್ಸು, ಮಂಡಕ್ಕಿ ತಿನ್ನೋಣ" ಅಂದ. ಅವ್ವನೂ ನಿಲ್ಲಿಸು ಅಂದಳು, ಅವಳ ದನಿಯಲ್ಲೇ ಅವಸರ ಗೊತ್ತಾಯಿತು. ಎಡಕ್ಕೆ ಅಂಚಿನಲ್ಲಿ ಆಗಲೇ ಮೂರು ಲಾರಿ ಸಾಲಾಗಿ ನಿಂತಿದ್ದವು, ಅವುಗಳ ಹಿಂದೆ ನಮ್ಮ ಗಾಡಿಯೂ ಹಿಡಿಸುವಷ್ಟು ಜಾಗವಿತ್ತು. "ಬಚ್ಚಲಿಗೆ ಹೋಗೋದಿದ್ರೂ ನಿಂತ ಮೇಲೇ ಅವ್ವ. ಇನ್ನೊಂದು ಹತ್ತು ನಿಮಿಷ ತಡ್ಕೋ" ಅಂದೆ. ಅವ್ವ ಉತ್ತರ ಕೊಡಲಿಲ್ಲ. ಆ ಹತ್ತು ನಿಮಿಷ ನನಗೆ ಟೆಸ್ಟಿಗಿಂತ ಉದ್ದವಾಯಿತು.

ಒಂದು ಪೆಟ್ರೋಲ್ ಬಂಕಿನ ಅಂಗಳ ಸಿಕ್ಕಿತು. ದೀಪವಿತ್ತು, ರಸ್ತೆಯಿಂದ ಸಾಕಷ್ಟು ಒಳಗಿತ್ತು. ಬಂಕಿನವರನ್ನು ಕೇಳಿ ಮೂಲೆಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ಹಿಂದಿನ ಗಾಲಿಗಳಿಗೆ ಮರದ ದಿಮ್ಮಿ ಕೊಟ್ಟೆ. ಮೇಲೆ ಬರುವಷ್ಟರಲ್ಲಿ ಅವ್ವ ಸರಳು ಹಿಡಿದುಕೊಂಡು ಬಚ್ಚಲಿನಿಂದ ಹೊರಗೆ ಬರುತ್ತಿದ್ದಳು. ಯಾರ ಕೈಯನ್ನೂ ಹಿಡಿದಿರಲಿಲ್ಲ. ಸೀಟಿನಲ್ಲಿ ಕೂತು, ಮಂಡಕ್ಕಿಯ ಪೊಟ್ಟಣ ಬಿಚ್ಚುತ್ತಿದ್ದ ಮೊಮ್ಮಗನ ಕಡೆ ನೋಡಿ, "ಮೊದ್ಲು ನೀರು ಕೊಡಪ್ಪ" ಅಂದಳು. ಚೊಂಬು ಎತ್ತಿ ಒಂದೇ ಉಸಿರಿಗೆ ಕುಡಿದು, ಇನ್ನೊಂದು ಸಲ ತುಂಬಿಸಿಕೊಂಡಳು.